ಪೀಣ್ಯದ ನೀರು ಹೇಳುವ ಪಾಠ

ಯಶವಂತಪುರ ದಾಟಿ ತುಮಕೂರು ರಸ್ತೆ ಹಿಡಿದರೆ ಪೀಣ್ಯ ಕೈಗಾರಿಕಾ ಪ್ರದೇಶ ಸಿಗುತ್ತದೆ. 1970ರ ದಶಕದಲ್ಲಿ ನೆಲೆಗೊಂಡ ಈ ಪ್ರದೇಶ ಸಾವಿರಾರು ಸಂಸಾರಗಳಿಗೆ ಅನ್ನ ಕೊಟ್ಟಿದೆ. ತೋಟದ ಮನೆಗಳ ಮಕ್ಕಳೂ ಕೆಲಸ ಹುಡುಕಿ ಅತ್ತ ಹೋಗುವವರೇ. ಆದುದರಿಂದ ಅಲ್ಲಿನ ನೀರಿನ ಸಂಗತಿ ನಮಗೆ ದೂರದ ಸುದ್ದಿಯಲ್ಲ.

ಪೀಣ್ಯದಲ್ಲಿ ಲೋಹದ ಬಿಡಿಭಾಗಗಳಿಗೆ ಲೇಪ ಹಾಕುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳುಂಟು. ಹೊಳಪಿನ ಲೇಪಕ್ಕೆ ಬಳಸುವುದು ಕ್ರೋಮಿಯಂ. ತೊಳೆದ ನೀರನ್ನು ಶುದ್ಧಿ ಮಾಡದೆ ಚರಂಡಿಗೋ ಮಣ್ಣಿಗೋ ಬಿಟ್ಟರೆ ಅದು ಇಂಗಿ ಅಂತರ್ಜಲ ಸೇರುತ್ತದೆ. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಕ್ರೋಮಿಯಂ ಇರುವುದು ಪರೀಕ್ಷೆಗಳಿಂದ ಗೊತ್ತಾಗಿದೆ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ.

ಲೇಪದ ತೊಟ್ಟಿಯಿಂದ ಏಳುವ ಆವಿಯನ್ನು ವರ್ಷಗಟ್ಟಲೆ ಉಸಿರಾಡಿದ ಕಾರ್ಮಿಕರಲ್ಲಿ ಮೂಗಿನ ಒಳಗೋಡೆ ತೂತಾಗುವುದು, ಚರ್ಮದ ಹುಣ್ಣು, ಉಬ್ಬಸ ಕಾಣುತ್ತವೆ. ಶ್ವಾಸಕೋಶದ ಕ್ಯಾನ್ಸರಿಗೂ ಇದು ಕಾರಣವೆಂದು ಸಿದ್ಧವಾಗಿದೆ. ನೀರಿನ ವಿಷಯದಲ್ಲಿ ಒಂದು ಮಾತು ನೆನಪಿರಲಿ: ಕುದಿಸಿದರೆ ರೋಗಾಣು ಸಾಯುತ್ತದೆ, ಕ್ರೋಮಿಯಂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಅಲ್ಲಿ ನೆಲೆಸಿರುವ ಮಕ್ಕಳಿಗೆ ಈ ಸಂಗತಿ ತಿಳಿಸಿರಿ. ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬಾರದು.

ಪರಿಹಾರವಿಲ್ಲವೆಂದಲ್ಲ. ಫೆರಸ್ ಸಲ್ಫೇಟ್ ಬೆರೆಸಿ, ಬಳಿಕ ಸುಣ್ಣ ಹಾಕಿದರೆ ಕ್ರೋಮಿಯಂ ಗಸಿಯಾಗಿ ತಳಕ್ಕಿಳಿಯುತ್ತದೆ. ಆ ಗಸಿಯನ್ನೂ ಕಂಡಲ್ಲಿ ಸುರಿಯುವಂತಿಲ್ಲ. ಇದಕ್ಕೆ ಖರ್ಚುಂಟು, ನಿಜ. ಆದರೆ ಒಮ್ಮೆ ಕೆಟ್ಟ ಅಂತರ್ಜಲವನ್ನು ಸರಿಪಡಿಸುವ ಖರ್ಚಿನ ಮುಂದೆ ಅದು ಅಲ್ಪ. ಪೀಣ್ಯದ ಕಡೆಯ ಕೊಳಚೆ ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಕಾವೇರಿಗೆ ಸೇರುತ್ತದೆ. ಕೊಡಗಿನ ಕಾಫಿ ನಾಡಿನಲ್ಲಿ ಹುಟ್ಟಿದ ಹೊಳೆಗೆ ನಗರ ಕೊಡುವ ಉಡುಗೊರೆ ಇದು!

ಹಾಗೆಂದು ನಗರವನ್ನಷ್ಟೇ ದೂರಿ ಸುಮ್ಮನಿರಲು ನಮಗೆ ಬಾಯಿಲ್ಲ. 1974ರ ಜಲ ಮಾಲಿನ್ಯ ಕಾಯಿದೆ ಪೀಣ್ಯಕ್ಕೂ ಒಂದೇ, ನಮ್ಮ ಪಲ್ಪರ್ ಮನೆಗೂ ಒಂದೇ. ಕಾಫಿ ಪಲ್ಪರಿನ ಹುಳಿನೀರು ಹಳ್ಳ ಸೇರಿದರೆ ನೀರಿನ ಆಮ್ಲಜನಕ ಕುಗ್ಗಿ ಮೀನು ಸಾಯುತ್ತದೆ. ಕೊಯ್ಲಿನ ಕಾಲಕ್ಕೆ ಹಳ್ಳದ ಹರಿವೂ ಸಣ್ಣದು. ಅಡಿಕೆಗೆ ಬೋರ್ಡೋ ಹೊಡೆದ ಮೇಲೆ ಡ್ರಮ್ಮನ್ನು ತೋಡಿನಲ್ಲಿ ತೊಳೆದರೆ ಮೈಲುತುತ್ತ ಕೆಳಗಿನವರ ನೀರಿಗೆ ಹೋಗುತ್ತದೆ. ಪಲ್ಪರ್ ನೀರನ್ನು ಗುಂಡಿಯಲ್ಲಿ ನಿಲ್ಲಿಸಿ ಸುಣ್ಣದಿಂದ ಹುಳಿ ತೆಗೆದು ಸಂಸ್ಕರಿಸೋಣ. ಡ್ರಮ್ಮನ್ನು ತೋಡಿನಿಂದ ದೂರ ತೊಳೆಯೋಣ. ನಮ್ಮ ತೋಟದ ಕೆಳಗೂ ಒಂದು ಮನೆ, ಒಂದು ಬಾವಿ ಇದೆ.