ಬಾಯಲ್ಲಿ ಕಬ್ಬಿಣ ಇಲ್ಲದಿದ್ರೆ ಕುದುರೆ ನಿಲ್ಲುತ್ತಾ?

‘ಬೆಲೆ ಏರಿಕೆಗೆ ಕಡಿವಾಣ’, ‘ಅಕ್ರಮಕ್ಕೆ ಕಡಿವಾಣ’ ಅಂತ ಹೆಡ್‌ಲೈನ್‌ಗಳನ್ನ ದಿನಾ ನೋಡ್ತೀವಿ. ಕಡಿವಾಣ ಅಂದ್ರೆ ನಮಗೆ ಒಂದೇ ಅರ್ಥ, ಬ್ರೇಕ್. ಆದರೆ ಬಾಯಿಗೆ ಕಬ್ಬಿಣವನ್ನೇ ಹಾಕದೆ, ಮುನ್ನುಗ್ಗೋ ಕುದುರೆಯ ಮೇಲೆ 160 ಕಿಲೋಮೀಟರ್ ಹೋಗೋರೂ ಇದ್ದಾರೆ. ಅವರ ಬ್ರೇಕ್ ಎಲ್ಲಿದೆ? ಇವತ್ತಿನ ಎಪಿಸೋಡ್‌ನಲ್ಲಿ ಅದನ್ನೇ ನೋಡೋಣ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟೆವಿಸ್ ಕಪ್ ಅನ್ನೋ ರೈಡ್ ಇದೆ. ಶುರುವಾಗಿದ್ದು 1955ರಲ್ಲಿ. ಸಿಯೆರಾ ನೆವಾಡಾ ಬೆಟ್ಟಗಳನ್ನ ದಾಟಿ ಆಬರ್ನ್ ಊರಿಗೆ 100 ಮೈಲಿ, ಅಂದ್ರೆ ಸುಮಾರು 160 ಕಿಲೋಮೀಟರ್. ಗಡುವು 24 ಗಂಟೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತ ಇರೋ ಕಾಲುದಾರಿಗಳೂ ಇದರಲ್ಲಿವೆ. ಇಂಥ ಎಂಡ್ಯೂರೆನ್ಸ್ ರೈಡ್‌ಗಳಲ್ಲಿ ಬಿಟ್ ಕಡ್ಡಾಯ ಅಲ್ಲ.

ಬಿಟ್ ಅಂದ್ರೇನು?

ಕುದುರೆಯ ಮುಂದಿನ ಹಲ್ಲು ಮತ್ತು ದವಡೆ ಹಲ್ಲುಗಳ ನಡುವೆ ಒಂದು ಖಾಲಿ ಜಾಗ ಇರುತ್ತೆ. ಅಲ್ಲಿ ಕೂರೋ ಲೋಹದ ಸರಳೇ ಬಿಟ್. ಲಗಾಮು ಎಳೆದ್ರೆ ನಾಲಿಗೆ, ಒಸಡಿನ ಮೇಲೆ ಒತ್ತಡ ಬೀಳುತ್ತೆ. ಬಿಟ್ ಇಲ್ಲದ ಕಡಿವಾಣದಲ್ಲಿ ಆ ಒತ್ತಡ ಮೂಗಿನ ಮೇಲಿನ ಪಟ್ಟಿಗೆ ಹೋಗುತ್ತೆ. ನಮ್ಮ ಎತ್ತಿನ ಮೂಗುದಾರದ ಥರ ಇದು ಮೂಗನ್ನ ಚುಚ್ಚಿ ಹಾಕಿದ್ದಲ್ಲ, ಮೇಲೆ ಸುತ್ತಿ ಕೂರೋದು.

ಲಾಭ ಏನು? ಎಂಡ್ಯೂರೆನ್ಸ್‌ನಲ್ಲಿ ಕುದುರೆ ದಾರಿಯುದ್ದಕ್ಕೂ ನೀರು ಕುಡೀಬೇಕು, ಸಿಕ್ಕಲ್ಲಿ ಹುಲ್ಲು ತಿನ್ನಬೇಕು. ಬಾಯಿ ಖಾಲಿ ಇದ್ರೆ ಅದು ಸುಲಭ. ಗಂಟೆಗಟ್ಟಲೆ ಸವಾರಿಯಲ್ಲಿ ತುಟಿ, ಒಸಡು ಉಜ್ಜಿ ಹುಣ್ಣಾಗೋ ಭಯವೂ ಇಲ್ಲ.

‘ಬಿಟ್ ಇಲ್ಲ’ ಅಂದ್ರೆ ‘ನೋವಿಲ್ಲ’ ಅಂತಲ್ಲ

ಇಲ್ಲೇ ತುಂಬಾ ಜನ ಎಡವೋದು. ಈ ಕಡಿವಾಣಗಳಲ್ಲಿ ಮುಖ್ಯವಾಗಿ ಮೂರು ಬಗೆ. ಸೈಡ್‌ಪುಲ್‌ನಲ್ಲಿ ಲಗಾಮು ಮೂಗುಪಟ್ಟಿಯ ಎರಡೂ ಬದಿಗೆ ಇರುತ್ತೆ. ಎಡಕ್ಕೆ ಎಳೆದ್ರೆ ಮೂತಿ ಎಡಕ್ಕೆ ತಿರುಗುತ್ತೆ, ಅಷ್ಟೇ ಸರಳ. ಕ್ರಾಸ್-ಅಂಡರ್‌ನಲ್ಲಿ ಪಟ್ಟಿಗಳು ಗದ್ದದ ಕೆಳಗೆ ಅಡ್ಡ ಹಾದು ಇಡೀ ತಲೆಯನ್ನ ಅಪ್ಪಿಕೊಳ್ಳುತ್ತೆ. ಮೂರನೇದು ಮೆಕ್ಯಾನಿಕಲ್ ಹ್ಯಾಕಮೋರ್. ಇದರ ಎರಡೂ ಬದಿಗೆ ಲೋಹದ ಕೋಲು, ಗದ್ದದ ಕೆಳಗೆ ಪಟ್ಟಿ ಅಥವಾ ಚೈನ್ ಇರುತ್ತೆ. ಶಾಲೆಯಲ್ಲಿ ಓದಿದ ಸನ್ನೆಕೋಲು ನೆನಪಿದೆಯಲ್ಲ? ಅದೇ ತತ್ವ. ಕೋಲು ಉದ್ದ ಆದಷ್ಟೂ ಕೈಯ ಸಣ್ಣ ಎಳೆತ ಮೂಗಿನ ಮೇಲೆ ದೊಡ್ಡ ಹಿಡಿತ ಆಗುತ್ತೆ. ಒರಟು ಕೈಗೆ ಇದು ಸಿಕ್ಕರೆ ಮೃದುವಾದ ಬಿಟ್‌ಗಿಂತ ಹೆಚ್ಚು ನೋವು ಕೊಡಬಹುದು.

ಇನ್ನೊಂದು ವಿಷಯ. ಕುದುರೆ ನಮ್ಮ ಹಾಗೆ ಬಾಯಿಂದ ಉಸಿರಾಡಲ್ಲ, ಮೂಗಿಂದ ಮಾತ್ರ. ಮೂಗಿನ ಮೂಳೆ ಕೆಳಗೆ ಬರ್ತಾ ತೆಳುವಾಗಿ, ತುದಿಯಲ್ಲಿ ಬರೀ ಮೃದ್ವಸ್ಥಿ. ಪಟ್ಟಿ ಅಲ್ಲಿಗೆ ಜಾರಿದ್ರೆ ಉಸಿರಿಗೇ ತೊಂದರೆ. ಅದಕ್ಕೇ ಪಟ್ಟಿ ಗಟ್ಟಿ ಮೂಳೆಯ ಮೇಲೇ ಕೂರಬೇಕು. ಬೆವರು, ಧೂಳು ಸೇರಿ ಚರ್ಮ ಕಿತ್ತುಬರದ ಹಾಗೆ ಕೆಲವರು ಪಟ್ಟಿಗೆ ಉಣ್ಣೆ ಸುತ್ತುತ್ತಾರೆ.

ಹಾಗಾದ್ರೆ ಬ್ರೇಕ್ ಎಲ್ಲಿ?

ಸುಮಾರು 450 ಕಿಲೋ ತೂಗೋ ಪ್ರಾಣಿ ಓಡಲೇಬೇಕು ಅಂದ್ಕೊಂಡ್ರೆ ಅದನ್ನ ತೋಳ್ಬಲದಿಂದ ನಿಲ್ಲಿಸೋಕೆ ಯಾರಿಂದಲೂ ಆಗಲ್ಲ, ಬಿಟ್ ಇರಲಿ, ಇಲ್ಲದಿರಲಿ. ಕುದುರೆ ಕಲಿಯೋದು ಒತ್ತಡ ಬಿಟ್ಟ ಕ್ಷಣದಿಂದ. ನಿಧಾನ ಮಾಡಿದ ತಕ್ಷಣ ಲಗಾಮು ಸಡಿಲ ಆದ್ರೆ, ‘ಓ, ಇದೇ ಸರಿ’ ಅಂತ ಅದಕ್ಕೆ ಗೊತ್ತಾಗುತ್ತೆ. ಒಂದೇ ಸಮ ಎಳೆದು ಹಿಡಿದ್ರೆ ಅದೂ ಹಗ್ಗಜಗ್ಗಾಟಕ್ಕೆ ನಿಲ್ಲುತ್ತೆ.

ಈ ಜಗ್ಗಾಟಕ್ಕೆ ಬೆಲೆಯೂ ಇದೆ. ದಾರಿಯಲ್ಲಿ ಪಶುವೈದ್ಯರು ಕುದುರೆಯ ಹೃದಯ ಬಡಿತ ನೋಡ್ತಾರೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಅದು ನಿಗದಿತ ಸಮಯದೊಳಗೆ ನಿಮಿಷಕ್ಕೆ 64ಕ್ಕೆ ಇಳಿಯಬೇಕು. ಇಳಿಯದಿದ್ರೆ ಆಟ ಅಲ್ಲಿಗೇ ಮುಗೀತು. ಮೊದಲ ಗಂಟೆಗಳಲ್ಲಿ ಸವಾರನ ಜೊತೆ ಜಗಳಾಡಿ ದಣಿದ ಕುದುರೆಗೆ ಅದು ಕಷ್ಟ.

ಬದಲಾಯಿಸೋದು ಹೇಗೆ?

ಮೊದಲು ಬೇಲಿ ಇರೋ ಅಂಗಳದಲ್ಲಿ ನಡಿಗೆಯಿಂದ ಶುರು ಮಾಡಿ. ನಿಲ್ಲೋದು, ತಿರುಗೋದು, ಹಿಂದಕ್ಕೆ ಹೆಜ್ಜೆ ಇಡೋದು ಇಷ್ಟು ಬರಲಿ. ಆಮೇಲೆ ಟ್ರೇಲ್‌ನಲ್ಲಿ ಒಂದೇ ಕುದುರೆ, ಆಮೇಲೆ ಇನ್ನೊಂದರ ಜೊತೆ. ಸ್ಪರ್ಧೆ ಕೊನೆಗೆ. ಗುಂಪು ಮುಂದೆ ಓಡೋದನ್ನ ನೋಡಿದ್ರೆ ಶಾಂತ ಕುದುರೆಗೂ ಹುರುಪು ಏರುತ್ತೆ. ಅದಕ್ಕೇ ಕೆಲವರು ಬೇಕಂತಲೇ ತಡವಾಗಿ ಹೊರಡ್ತಾರೆ. ಒಂದೇ ಲಗಾಮು ಎಳೆದು ಕುದುರೆಯನ್ನ ಸುತ್ತು ತಿರುಗಿಸಿ ನಿಲ್ಲಿಸೋ ಉಪಾಯ ಬಯಲಲ್ಲಿ ಸರಿ, ಪ್ರಪಾತದ ಅಂಚಿನಲ್ಲಿ ಅದೇ ಅಪಾಯ. ನಂಬಿಕೆ ಬರೋವರೆಗೆ ಬಿಟ್ ಮತ್ತು ಮೂಗುಪಟ್ಟಿ ಎರಡನ್ನೂ ಹಾಕಿ, ಎರಡು ಜೊತೆ ಲಗಾಮು ಹಿಡಿಯೋ ದಾರಿಯೂ ಇದೆ. ಅಂಗಳದಲ್ಲೇ ನಿಲ್ಲದ ಕುದುರೆ ಟ್ರೇಲ್‌ನಲ್ಲಿ ನಿಲ್ಲಲ್ಲ. ಅಂಥದ್ದನ್ನ ಹೊರಗೆ ಒಯ್ಯಬೇಡಿ.

ಬಿಟ್ ಜೊತೆಗೇ ಖುಷಿಯಾಗಿರೋ ಕುದುರೆಗಳೂ ಇವೆ, ಅವನ್ನ ಬದಲಾಯಿಸಲೇಬೇಕು ಅಂತೇನಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಲಗಾಮು ಸಡಿಲ ಬಿಟ್ಟಾಗಲೂ ಕುದುರೆ ನಮ್ಮ ಮಾತು ಕೇಳುತ್ತಾ? ಕೇಳುತ್ತೆ ಅಂದ್ರೆ ಬ್ರೇಕ್ ಸರಿಯಿದೆ ಅಂತರ್ಥ.