ನಾಯಿಗಳಿಗೆ ಮನೆಯಲ್ಲೇ ತಯಾರಿಸುವ ಆಟಿಕೆಗಳು

ನಾಯಿಗಳಿಗೆ ಮನೆಯಲ್ಲೇ ತಯಾರಿಸುವ ಆಟಿಕೆಗಳು ಸಾಕುನಾಯಿಯ ಬೇಸರವನ್ನು ಕಳೆಯಲು ಹಳೆಯ ಬಟ್ಟೆ, ರಟ್ಟಿನ ಪೆಟ್ಟಿಗೆ, ಇಡ್ಲಿ ತಟ್ಟೆ ಮುಂತಾದ ಗೃಹಬಳಕೆಯ ವಸ್ತುಗಳಿಂದ ರೂಪಿಸುವ ಸಾಧನಗಳಾಗಿವೆ. ಇವುಗಳಲ್ಲಿ ಹೆಚ್ಚಿನವು ಆಹಾರವನ್ನು ಅಡಗಿಸಿಟ್ಟು, ನಾಯಿಯೇ ಅದನ್ನು ಹುಡುಕಿ ತೆಗೆಯುವಂತೆ ಮಾಡುತ್ತವೆ. ಪ್ರಾಣಿವರ್ತನಾ ವಿಜ್ಞಾನದಲ್ಲಿ ಈ ಕ್ರಮವನ್ನು ಎನ್‌ರಿಚ್‌ಮೆಂಟ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಇದನ್ನು ಪರಿಸರ ಸಮೃದ್ಧೀಕರಣ ಎನ್ನಬಹುದು.

ಹಿನ್ನೆಲೆ

ಬಂಧನದಲ್ಲಿರುವ ಪ್ರಾಣಿಗಳಿಗೆ ಆಹಾರದಷ್ಟೇ ಚಟುವಟಿಕೆಯೂ ಅಗತ್ಯವೆಂಬ ವಿಚಾರ ಮೊದಲು ಪ್ರಯೋಗಾಲಯ ಮತ್ತು ಮೃಗಾಲಯಗಳಲ್ಲಿ ಬೆಳೆಯಿತು. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಯರ್ಕ್ಸ್ 1925ರಲ್ಲಿ, ವಾನರಗಳಿಗೆ ಆಟ ಮತ್ತು ಕೆಲಸ ಒದಗಿಸುವ ಸಾಧನಗಳಿರಬೇಕೆಂದು ಬರೆದರು. 1970ರ ದಶಕದಲ್ಲಿ ಹಾಲ್ ಮಾರ್ಕೊವಿಟ್ಜ್ ಅವರು ಪೋರ್ಟ್‌ಲೆಂಡ್ ಮೃಗಾಲಯದಲ್ಲಿ, ಗಿಬ್ಬನ್‌ಗಳು ಸನ್ನೆಕೋಲನ್ನು ಒತ್ತಿ ಆಹಾರ ಪಡೆಯುವ ವ್ಯವಸ್ಥೆ ಮಾಡಿದರು. ಮುಂದೆ ಇದೇ ತತ್ತ್ವ ಸಾಕುಪ್ರಾಣಿಗಳಿಗೂ ಅನ್ವಯವಾಯಿತು. 2019ರಲ್ಲಿ ಪ್ರಕಟವಾದ ದುರಾಂಟನ್ ಮತ್ತು ಹೊರೊವಿಟ್ಜ್ ಅವರ ಅಧ್ಯಯನವೊಂದರಲ್ಲಿ, ಎರಡು ವಾರ ಮೂಸಿ ಹುಡುಕುವ ಅಭ್ಯಾಸ ಮಾಡಿದ ನಾಯಿಗಳು ಹೆಚ್ಚು ಆಶಾವಾದಿ ವರ್ತನೆ ತೋರಿದವು. ಮಾಲೀಕರ ಪಕ್ಕದಲ್ಲಿ ನಡೆಯುವ ಅಭ್ಯಾಸ ಮಾಡಿದ ನಾಯಿಗಳಲ್ಲಿ ಈ ಬದಲಾವಣೆ ಕಾಣಲಿಲ್ಲ.

ಬೇಸರದ ಕಾರಣ ಮತ್ತು ಲಕ್ಷಣಗಳು

ನಾಯಿಯನ್ನು ಮನುಷ್ಯರು ಬೇಟೆ, ಕಾವಲು, ಕುರಿ ಕಾಯುವಿಕೆಗಳಂತಹ ಕೆಲಸಗಳಿಗಾಗಿ ಬೆಳೆಸಿದರು. ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿ ಇದಕ್ಕೆ ಉತ್ತಮ ನಿದರ್ಶನ. 1997ರವರೆಗೆ ಅವಿಭಜಿತ ವಿಜಾಪುರ ಜಿಲ್ಲೆಗೆ ಸೇರಿದ್ದ ಮುಧೋಳದ ಅರಸರಾದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿದರು. ದೂರದ ಬೇಟೆಯನ್ನು ಕಣ್ಣಿನಿಂದಲೇ ಗುರುತಿಸಿ ಅಟ್ಟಿಸಿಕೊಂಡು ಹೋಗುವುದು ಇದರ ಸ್ವಭಾವ. ತಳಿಯ ಸಂರಕ್ಷಣೆಗಾಗಿ ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ.

ಇಂತಹ ನಾಯಿ ವಿಜಯಪುರದ ಸ್ಟೇಷನ್ ರಸ್ತೆಯಂತಹ ನಗರದ ಬೀದಿಯ ಮನೆಯಲ್ಲಿದ್ದರೆ ಓಡಲು ಬಯಲು ದೊರೆಯುವುದಿಲ್ಲ. ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವ ಬೇಸಿಗೆಯಲ್ಲಿ ಬೆಳಗು ಮತ್ತು ಸಂಜೆಯ ಹೊರತು ಹೊರಗೆ ಕರೆದೊಯ್ಯುವುದೂ ಸರಿಯಲ್ಲ. ಕೆಲಸವಿಲ್ಲದ ನಾಯಿ ಚಪ್ಪಲಿ ಕಡಿಯುವುದು, ನೆಲ ಕೆರೆಯುವುದು, ನಿರಂತರ ಬೊಗಳುವುದು, ಒಂದೇ ಜಾಡಿನಲ್ಲಿ ಸುತ್ತುವುದು ಅಥವಾ ಪಂಜವನ್ನು ನೆಕ್ಕುತ್ತಲೇ ಇರುವುದನ್ನು ರೂಢಿಸಿಕೊಳ್ಳುತ್ತದೆ. ಇದನ್ನು ಹಟಮಾರಿತನವೆಂದು ತಿಳಿದು ದಂಡಿಸಿದರೆ ಭಯ ಹೆಚ್ಚುವುದೇ ಹೊರತು ಕಾರಣ ನಿವಾರಣೆಯಾಗದು.

ಆಟಿಕೆಗಳ ವಿಧಗಳು

ಬಟ್ಟೆಯ ಸುರುಳಿ: ಹಳೆಯ ಟವೆಲ್ಲಿನ ಮೇಲೆ ತಿನಿಸಿನ ಚೂರುಗಳನ್ನು ಹರಡಿ ಚಾಪೆಯಂತೆ ಸುತ್ತಬೇಕು. ನಾಯಿ ಮೂಗಿನಿಂದ ತಳ್ಳಿ ಬಿಚ್ಚುತ್ತದೆ. ಮೊದಲ ಬಾರಿಗೆ ಇದು ಅತ್ಯಂತ ಸೂಕ್ತ.

ಮೂಸುವ ಚಾಪೆ: ರಂಧ್ರಗಳಿರುವ ರಬ್ಬರ್ ಚಾಪೆಗೆ ಸುಮಾರು 15 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಬಟ್ಟೆಯ ಪಟ್ಟಿಗಳನ್ನು ಒತ್ತಾಗಿ ಗಂಟು ಹಾಕಿ, ಅವುಗಳ ನಡುವೆ ತಿನಿಸನ್ನು ಉದುರಿಸಬೇಕು.

ಇಡ್ಲಿ ತಟ್ಟೆ: ಪ್ರತಿ ಗುಳಿಯಲ್ಲಿ ಒಂದು ಚೂರನ್ನಿಟ್ಟು ಮೇಲೆ ಚೆಂಡನ್ನು ಮುಚ್ಚಬೇಕು. ಚೆಂಡು ನುಂಗಲಾಗದಷ್ಟು ದೊಡ್ಡದಿರಬೇಕು.

ರಟ್ಟಿನ ಪೆಟ್ಟಿಗೆ: ಪಿನ್ನು ಮತ್ತು ಅಂಟುಪಟ್ಟಿಗಳನ್ನು ತೆಗೆದು, ಕಾಗದದ ಉಂಡೆಗಳ ನಡುವೆ ತಿನಿಸನ್ನು ಅಡಗಿಸಬೇಕು. ಹರಿಯುವ ಬಯಕೆಗೂ ಇದರಿಂದ ಅವಕಾಶ ದೊರೆಯುತ್ತದೆ.

ತಂಪು ಬಟ್ಟಲು: ಉಪ್ಪಿಲ್ಲದ ಮೊಸರಿನಲ್ಲಿ ಬೇಯಿಸಿದ ಗಜ್ಜರಿಯ ಚೂರುಗಳನ್ನು ಬೆರೆಸಿ, ಅಗಲ ಬಟ್ಟಲಿನಲ್ಲಿ ತೆಳುವಾಗಿ ಹರಡಿ ಹೆಪ್ಪುಗಟ್ಟಿಸಬೇಕು. ಬೇಸಿಗೆಯ ಮಧ್ಯಾಹ್ನಕ್ಕೆ ಇದು ಅನುಕೂಲ.

ಅಟ್ಟಿಸುವ ಕೋಲು: ಕೋಲಿನ ತುದಿಗೆ ಹಗ್ಗವನ್ನೂ ಹಗ್ಗದ ತುದಿಗೆ ಬಟ್ಟೆಯ ಗಂಟನ್ನೂ ಕಟ್ಟಿ ನೆಲದ ಮೇಲೆ ಎಳೆದಾಡಿಸುವ ಆಟ. ಮುಧೋಳದಂತಹ ತಳಿಗಳಿಗೆ ಪ್ರಿಯವಾದದ್ದು. ಎಳೆಯ ಮರಿಗಳ ಕೀಲುಗಳಿಗೆ ಪೆಟ್ಟಾಗುವುದರಿಂದ ಅವುಗಳನ್ನು ಜಿಗಿಸಬಾರದು. ಆಟದ ಕೊನೆಗೆ ಗಂಟನ್ನು ಹಿಡಿಯಲು ಬಿಡಬೇಕು.

ಬಳಸುವ ಕ್ರಮ

ಆಟಿಕೆಯಲ್ಲಿಡುವ ತಿನಿಸನ್ನು ದಿನದ ಆಹಾರದಿಂದಲೇ ತೆಗೆಯಬೇಕು; ಇಲ್ಲವಾದರೆ ನಾಯಿಗೆ ಬೊಜ್ಜು ಬರುತ್ತದೆ. ರೊಟ್ಟಿಯ ಚೂರು ಅಥವಾ ಮಸಾಲೆಯಿಲ್ಲದ ಬೇಯಿಸಿದ ಮೊಟ್ಟೆ ಸಾಕು. ಆರಂಭದಲ್ಲಿ ಸುಲಭವಾಗಿ ಸಿಗುವಂತಿಟ್ಟು ಕ್ರಮೇಣ ಕಠಿಣಗೊಳಿಸಬೇಕು. ನಾಯಿ ಸೋತು ಬಿಟ್ಟುಹೋದರೆ ಆಟಿಕೆ ಮಿತಿಮೀರಿ ಕಠಿಣವಾಗಿದೆಯೆಂದರ್ಥ. ಒಂದೇ ಆಟಿಕೆಯನ್ನು ದಿನವಿಡೀ ಬಿಡದೆ ಹತ್ತು ಹದಿನೈದು ನಿಮಿಷದ ನಂತರ ಎತ್ತಿಡುವುದರಿಂದ ಅದರ ಹೊಸತನ ಉಳಿಯುತ್ತದೆ. ಎರಡು ನಾಯಿಗಳಿದ್ದರೆ ಜಗಳ ತಪ್ಪಿಸಲು ಬೇರೆ ಬೇರೆ ಕೋಣೆಗಳಲ್ಲಿ ಕೊಡಬೇಕು.

ಅಪಾಯಗಳು

ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಗಳ ಮೂತ್ರಪಿಂಡಕ್ಕೆ ವಿಷಕಾರಿ. ದ್ರಾಕ್ಷಿ ಬೆಳೆಯುವ ತಿಕೋಟಾ, ಬಬಲೇಶ್ವರ ಭಾಗಗಳಲ್ಲಿ ಒಣದ್ರಾಕ್ಷಿ ಕೈಗೆ ಸುಲಭವಾಗಿ ಸಿಗುವ ತಿನಿಸಾದ್ದರಿಂದ ಈ ಎಚ್ಚರಿಕೆ ಮುಖ್ಯ. ವಿಷದ ಪರಿಣಾಮ ನಾಯಿಯಿಂದ ನಾಯಿಗೆ ಬದಲಾಗುವುದರಿಂದ ಸುರಕ್ಷಿತ ಪ್ರಮಾಣವೆಂಬುದಿಲ್ಲ. ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವೆಂದು ಭಾವಿಸಲಾಗಿದ್ದು, ಅದೇ ಆಮ್ಲ ಹೇರಳವಾಗಿರುವ ಹುಣಸೆಹಣ್ಣನ್ನೂ ದೂರವಿಡಬೇಕು. ನಾಯಿ ಇವನ್ನು ತಿಂದದ್ದು ತಿಳಿದರೆ ವಾಂತಿ ಮೊದಲಾದ ಲಕ್ಷಣಗಳಿಗೆ ಕಾಯದೆ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು.

ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಮತ್ತು ಕ್ಸೈಲಿಟಾಲ್ ಎಂಬ ಸಿಹಿಕಾರಕ ಕೂಡ ವಿಷಕಾರಿ. ಬೆಳ್ಳುಳ್ಳಿ ಬೆರೆತ ಶೇಂಗಾ ಚಟ್ನಿಪುಡಿಯನ್ನು ರೊಟ್ಟಿಗೆ ಸವರಿ ಕೊಡಬಾರದು. ಮೆಕ್ಕೆಜೋಳದ ದಿಂಡು, ಮಾವಿನ ಗೊರಟೆಗಳು ಕರುಳಿನಲ್ಲಿ ಸಿಲುಕುತ್ತವೆ. ಬೇಯಿಸಿದ ಮೂಳೆ ಸೀಳಿ ಚುಚ್ಚುತ್ತದೆ. ನುಂಗಿದ ದಾರ ಕರುಳನ್ನು ಮುದುಡಿಸಿ ಕತ್ತರಿಸಬಲ್ಲದು. ಆದ್ದರಿಂದ ನೂಲೆದ್ದ ಬಟ್ಟೆಯನ್ನು ಬದಲಿಸಬೇಕು ಮತ್ತು ಆಟದ ವೇಳೆ ಮನೆಯವರೊಬ್ಬರು ಹತ್ತಿರದಲ್ಲಿರಬೇಕು.

ಮಿತಿಗಳು

ಆಟಿಕೆಗಳು ನಿತ್ಯದ ನಡಿಗೆಗೂ ಮನೆಯವರ ಒಡನಾಟಕ್ಕೂ ಬದಲಿಯಲ್ಲ. ಒಂಟಿಯಾಗಿ ಬಿಟ್ಟಾಗ ಮಾತ್ರ ನಾಯಿ ನಡುಗುವುದು, ಬಾಗಿಲು ಕೆರೆಯುವುದು, ಆಹಾರವನ್ನು ಮುಟ್ಟದಿರುವುದು ಅಗಲಿಕೆಯ ಆತಂಕದ ಸೂಚನೆಗಳಾಗಿರಬಹುದು. ಚುರುಕಾಗಿದ್ದ ನಾಯಿ ಇದ್ದಕ್ಕಿದ್ದಂತೆ ಮಂಕಾದರೆ ಅದು ರೋಗದ ಲಕ್ಷಣವೂ ಆಗಿರಬಹುದು. ಈ ಎರಡೂ ಸಂದರ್ಭಗಳಲ್ಲಿ ಪಶುವೈದ್ಯರ ಸಲಹೆ ಅಗತ್ಯ.