ಲೈವ್‌ನಲ್ಲಿ ಕಂಡ ಸೀರೆ

ಪ್ರಶ್ನೆ: ಫೇಸ್‌ಬುಕ್ ಲೈವ್‌ನಲ್ಲಿ ಸೀರೆ ನೋಡುತ್ತಿದ್ದರೆ, ಬೇಡವೆಂದುಕೊಂಡರೂ ಕೊಳ್ಳಬೇಕೆನಿಸುತ್ತದೆ. ಯಾಕೆ?

ಸಂತೆಯಲ್ಲಿ ಜನ ಮುತ್ತಿದ ಅಂಗಡಿಯ ಕಡೆಗೇ ನಮ್ಮ ಕಾಲೂ ತಿರುಗುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ಮಾರುವಾಕೆ ಸೆರಗು ಬಿಡಿಸಿ, ಅಂಚನ್ನು ಕ್ಯಾಮೆರಾಕ್ಕೆ ಹತ್ತಿರ ಹಿಡಿದು, "ಅಕ್ಕಾ, ಇದೊಂದೇ ಪೀಸ್, ಬೇಗ ಸ್ಕ್ರೀನ್‌ಶಾಟ್ ಕಳಿಸಿ" ಎನ್ನುತ್ತಾಳೆ. ಕೆಳಗೆ ‘ಬುಕ್ಡ್’ ಎಂಬ ಕಾಮೆಂಟುಗಳ ಸುರಿಮಳೆ. ಇಷ್ಟು ಜನ ಕೊಂಡರೆ ಚೆನ್ನಾಗಿಯೇ ಇರಬೇಕೆಂಬ ನಂಬಿಕೆಯ ಜೊತೆಗೆ ಕೈತಪ್ಪೀತೆಂಬ ಆತಂಕವೂ ಸೇರಿ, ಯೋಚಿಸಲು ಪುರುಸೊತ್ತೇ ಸಿಗದು. ನಿಮ್ಮ ಹೆಸರು ಹಿಡಿದು ಉತ್ತರಿಸಿದಳೆಂದರೆ ಗುರುತಿಲ್ಲದವಳೂ ನೆಂಟಳೆನಿಸುತ್ತಾಳೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದ ಸೆಳೆತ ಇದೇ. ಎಷ್ಟು ಹೊತ್ತು ನೋಡಿದಿರೆಂದು ಗಮನಿಸುವ ಆ್ಯಪ್, ಅಂಥದ್ದನ್ನೇ ಮತ್ತೆ ಮತ್ತೆ ಮುಂದಿಡುತ್ತದೆ. 2016ರಲ್ಲಿ ಯುಪಿಐ ಬಂದ ಮೇಲೆ ದುಡ್ಡು ಕಳಿಸುವುದೂ ಕ್ಷಣದ ಕೆಲಸ. ದುಡ್ಡು ಕಳಿಸುವ ಮುಂಚೆ, ಸೀರೆ ವಾಪಸ್ ತೆಗೆದುಕೊಳ್ಳುತ್ತಾರಾ ಎಂದು ಕೇಳಿಬಿಡಿ.